ಕ್ರೀಟ್ ದ್ವೀಪದಲ್ಲಿ ಬೆಟ್ಟ ಸುತ್ತೋದು: ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಕ್ರೀಟ್ ಗ್ರೀಸ್ ದೇಶದ ಅತಿ ದೊಡ್ಡ ದ್ವೀಪ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿ.ಮೀ. ಉದ್ದ. ಅಗಲ ಮಾತ್ರ ಎಲ್ಲೂ 60 ಕಿ.ಮೀ. ಮೀರುವುದಿಲ್ಲ. ಇಷ್ಟು ಕಿರಿದಾದ ಜಾಗದಲ್ಲಿ 2,400 ಮೀಟರ್ ದಾಟಿದ ಬೆಟ್ಟಗಳು ಎದ್ದು ನಿಂತಿವೆ. ಬೆಳಗ್ಗೆ ಬೆಟ್ಟದ ತಲೆಯ ಮೇಲೆ ಚಳಿಗೆ ನಡುಗಿ, ಸಂಜೆ ಸಮುದ್ರದಲ್ಲಿ ಕಾಲು ಇಳಿಬಿಟ್ಟು ಕೂರಬಹುದು.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಜುಲೈನಲ್ಲಿ ಹೋಗಿ ಬೆಂದು ಬಂದೆ. ಎರಡನೇ ಸಲ ಮೇ ತಿಂಗಳಲ್ಲಿ ಹೋಗಿ ಬುದ್ಧಿ ಕಲಿತೆ. ಅಂದಿನಿಂದ ಗೆಳೆಯರು, ಗೆಳೆಯರ ಗೆಳೆಯರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾವ ತಿಂಗಳಲ್ಲಿ ಹೋಗಬೇಕು?

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ.

ನಮ್ಮ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ನಮಗೆ ಜೂನ್ ಅಂದರೆ ಮಳೆ, ಮಂಜು, ಹಸಿರು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹನಿ ನೀರೂ ಬೀಳುವುದಿಲ್ಲ ಅಂದರೂ ತಪ್ಪಿಲ್ಲ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕಲ್ಲು ಕಾದ ಕಾವಲಿಯ ಹಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಬೆಟ್ಟದ ತುಂಬ ಕಾಡು ಹೂವು. ಎತ್ತರದ ಶಿಖರಗಳಲ್ಲಿ ಮೇ ತಿಂಗಳಲ್ಲೂ ಹಿಮ ಉಳಿದಿರುತ್ತದೆ. ಹಾಗಾಗಿ ಶಿಖರ ಹತ್ತಲೇಬೇಕು ಅನ್ನುವವರಿಗೆ ಜೂನ್ ಅಥವಾ ಸೆಪ್ಟೆಂಬರ್ ಮೇಲು.

ವಸಂತದಲ್ಲಿ ಆಗಾಗ ದಕ್ಷಿಣದಿಂದ, ಅಂದರೆ ಸಹಾರಾ ಕಡೆಯಿಂದ, ಬಿಸಿ ಗಾಳಿ ಧೂಳು ಹೊತ್ತು ಬರುತ್ತದೆ. ಆಕಾಶ ಕೆಂಪುಹಳದಿ ಆಗುತ್ತದೆ. ಅಂಥ ದಿನ ಬೆಟ್ಟಕ್ಕೆ ಹೋದರೂ ಏನೂ ಕಾಣುವುದಿಲ್ಲ. ಊರಲ್ಲೇ ಕಾಫಿ ಕುಡಿದುಕೊಂಡು ಇದ್ದುಬಿಡಿ.

ನಾನು ಕುಮಾರ ಪರ್ವತ ಹತ್ತಿದ್ದೇನೆ. ಅಷ್ಟು ಸಾಕಾ?

ಕಾಲಿನ ಶಕ್ತಿಗೆ ಸಾಕು. ಅಭ್ಯಾಸ ಮಾತ್ರ ಬೇರೆಯದು ಬೇಕು.

ಕುಮಾರ ಪರ್ವತ 1,712 ಮೀಟರ್. ಕ್ರೀಟಿನ ದೊಡ್ಡ ಶಿಖರಗಳು ಅದಕ್ಕಿಂತ 700 ಮೀಟರ್ ಎತ್ತರ. ಆದರೆ ಆ ಎತ್ತರದಲ್ಲಿ ಉಸಿರಿನ ತೊಂದರೆ ಏನೂ ಇಲ್ಲ, ಹಿಮಾಲಯದ ಭಯ ಬೇಡ. ಅಲ್ಲಿ ಜನರನ್ನು ಸೋಲಿಸುವುದು ಮೂರು ವಿಷಯ. ನೆರಳಿಲ್ಲದ ಬಿಸಿಲು, ನೀರಿಲ್ಲದ ದಾರಿ, ಮುಗಿಯದ ಇಳಿಜಾರು. ನಮ್ಮ ಘಟ್ಟದಲ್ಲಿ ಕಾಲಡಿ ಮಣ್ಣು, ಎಲೆ, ಬೇರು ಇರುತ್ತದೆ. ಅಲ್ಲಿ ಬರೀ ಕಲ್ಲು. ಮೊನಚು ಕಲ್ಲು, ಸಡಿಲ ಕಲ್ಲು, ಉರುಳುವ ಕಲ್ಲು. ಒಂದು ಗಂಟೆಗೆ ಇಷ್ಟು ಕಿ.ಮೀ. ಅಂತ ಇಲ್ಲಿ ಹಾಕಿಕೊಂಡ ಲೆಕ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೋಗುವ ಎರಡು ತಿಂಗಳ ಮುಂಚೆಯಿಂದ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ. ಹತ್ತುವುದಲ್ಲ, ಇಳಿಯುವುದು. ಬೆಂಗಳೂರಿನವರಿಗೆ ಶಿವಗಂಗೆ, ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಧಾರಾಳ ಸಾಕು.

ಸಮಾರಿಯಾ ಕಮರಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದೇನು?

ಕ್ರೀಟಿನ ಪಶ್ಚಿಮಕ್ಕೆ ಲೆಫ್ಕಾ ಓರಿ ಅನ್ನುವ ಬೆಟ್ಟಸಾಲು ಇದೆ. ಹೆಸರಿನ ಅರ್ಥ ಬಿಳಿ ಬೆಟ್ಟಗಳು. ಚಳಿಗಾಲದಲ್ಲಿ ಹಿಮದಿಂದ ಬಿಳಿ, ಬೇಸಿಗೆಯಲ್ಲಿ ಸುಣ್ಣಕಲ್ಲಿನಿಂದ ಬಿಳಿ. ಆ ಬೆಟ್ಟಗಳನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಸಮುದ್ರಕ್ಕೆ ಇಳಿಯುವ ಕಮರಿಯೇ ಸಮಾರಿಯಾ. 1962ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಆಗ ಕಮರಿಯೊಳಗಿನ ಸಮಾರಿಯಾ ಅನ್ನುವ ಪುಟ್ಟ ಹಳ್ಳಿಯ ಜನರನ್ನು ಬೇರೆ ಕಡೆಗೆ ಕಳಿಸಿದರು. ಈಗ ಅಲ್ಲಿ ಖಾಲಿ ಕಲ್ಲುಮನೆಗಳು, ಕಾವಲಿನವರು, ದಣಿದು ಕೂತ ಪ್ರವಾಸಿಗಳು, ಅಷ್ಟೇ. ಕಾಡು ಉಳಿಸಲು ಊರು ಎಬ್ಬಿಸುವ ಕಥೆ ನಮಗೂ ಹೊಸದಲ್ಲ. ನಾಗರಹೊಳೆ, ಕುದುರೆಮುಖದ ಕಡೆಯವರು ಆ ಖಾಲಿ ಮನೆಗಳ ಮುಂದೆ ಸ್ವಲ್ಪ ಹೊತ್ತು ಜಾಸ್ತಿಯೇ ನಿಲ್ಲುತ್ತಾರೆ.

ನಡಿಗೆ ಶುರುವಾಗುವುದು ಓಮಾಲೊಸ್ ಬಯಲಿನ ಅಂಚಿನ ಕ್ಸಿಲೊಸ್ಕಾಲೊ ಅನ್ನುವ ಜಾಗದಲ್ಲಿ, ಸುಮಾರು 1,230 ಮೀಟರ್ ಎತ್ತರದಲ್ಲಿ. ಕ್ಸಿಲೊಸ್ಕಾಲೊ ಅಂದರೆ ಮರದ ಮೆಟ್ಟಿಲು. ಅಲ್ಲಿಂದ 16 ಕಿ.ಮೀ. ನಡೆದರೆ ಸಮುದ್ರ ದಂಡೆಯ ಅಯಿಯಾ ರುಮೇಲಿ ಅನ್ನುವ ಊರು. ಮೊದಲ ಗಂಟೆ ದೂರ ಹೆಚ್ಚೇನೂ ಹೋಗುವುದಿಲ್ಲ, ಕೆಳಕ್ಕೇ ಹೋಗುತ್ತೀರಿ. ಪೈನ್ ಮತ್ತು ಸೈಪ್ರೆಸ್ ಮರಗಳ ನಡುವೆ ಅಂಕುಡೊಂಕು ಇಳಿಜಾರು. ಆಮೇಲೆ ಹಳ್ಳದ ಪಾತ್ರ ಸೇರಿ, ಅದರ ಕಲ್ಲುಗಳ ಮೇಲೆ ಹೆಜ್ಜೆ ಇಡುತ್ತ ಹೋಗಬೇಕು. ಅರ್ಧ ದಾರಿಯ ಹತ್ತಿರ ಹಳೆಯ ಹಳ್ಳಿ. ಕೊನೆಯ ಭಾಗದಲ್ಲಿ ‘ಪೋರ್ಟೆಸ್’, ಅಂದರೆ ಬಾಗಿಲುಗಳು. ಸುಮಾರು 300 ಮೀಟರ್ ಎತ್ತರದ ಎರಡು ಗೋಡೆಗಳು ಅಲ್ಲಿ 4 ಮೀಟರ್‌ನಷ್ಟು ಹತ್ತಿರ ಬರುತ್ತವೆ. ಅಷ್ಟು ಹೊತ್ತಿನಿಂದ ಮಾತಾಡುತ್ತಿದ್ದವರೆಲ್ಲ ಅಲ್ಲಿ ತಾವಾಗಿಯೇ ಸುಮ್ಮನಾಗುತ್ತಾರೆ.

ಕೆಲವು ವಿಷಯ ತಿಳಿದಿರಲಿ. ಕಮರಿ ತೆರೆದಿರುವುದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ. ಆ ತಿಂಗಳುಗಳಲ್ಲೂ ಜೋರು ಮಳೆ ಅಥವಾ ವಿಪರೀತ ಬಿಸಿಲಿದ್ದರೆ ಆ ದಿನ ಮುಚ್ಚುತ್ತಾರೆ. ಹಿಂದಿನ ಸಂಜೆಯೇ ವಿಚಾರಿಸಿ. ಗೇಟಿನಲ್ಲಿ ಕೊಟ್ಟ ಟಿಕೆಟ್ ಬಿಸಾಡಬೇಡಿ, ಕೆಳಗೆ ಹೊರಗೆ ಹೋಗುವಾಗ ಕೇಳುತ್ತಾರೆ. ಒಳಗೆ ಯಾರೂ ಉಳಿದಿಲ್ಲ ಅಂತ ಲೆಕ್ಕ ಹಾಕುವ ದಾರಿ ಅದು. ಬೆಂಕಿ, ಟೆಂಟ್, ಹಳ್ಳದಲ್ಲಿ ಸ್ನಾನ ಯಾವುದೂ ಇಲ್ಲ. ‘ಇಲ್ಲಿ ಕಲ್ಲು ಉರುಳುತ್ತವೆ, ಬೇಗ ನಡೆಯಿರಿ’ ಅಂತ ಬೋರ್ಡ್ ಇರುವ ಕಡೆ ಸೆಲ್ಫಿಗೆ ನಿಲ್ಲಬೇಡಿ. ಕಾಡುಮೇಕೆಗಳು ಮೇಲೆ ಓಡಾಡಿದರೂ ಸಾಕು, ಕಲ್ಲು ಬೀಳುತ್ತದೆ.

ಸಮಾರಿಯಾ ಮುಗಿಸಿದ ಮೇಲೆ ವಾಪಸ್ ಬರುವುದು ಹೇಗೆ?

ದೋಣಿಯಲ್ಲಿ. ಅಯಿಯಾ ರುಮೇಲಿಗೆ ರಸ್ತೆಯೇ ಇಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ. ಕಾರನ್ನು ಮೇಲೆ ಓಮಾಲೊಸ್‌ನಲ್ಲಿ ನಿಲ್ಲಿಸಿ ಕೆಳಗಿಳಿದರೆ, ಕಾರು ಮೇಲೆ, ನೀವು ಕೆಳಗೆ, ನಡುವೆ ಇಡೀ ಬೆಟ್ಟ. ಅದಕ್ಕೇ ಹೆಚ್ಚಿನವರು ಹನ್ಯಾ ಪಟ್ಟಣದಿಂದ ಮುಂಜಾನೆಯ ಬಸ್ಸಿನಲ್ಲಿ ಓಮಾಲೊಸ್‌ಗೆ ಬರುತ್ತಾರೆ. ನಡೆದು ಸಮುದ್ರ ಮುಟ್ಟುತ್ತಾರೆ. ಸಂಜೆಯ ದೋಣಿಯಲ್ಲಿ ಸೂಯಾ ಅಥವಾ ಹೋರಾ ಸ್ಫಾಕ್ಯೋನ್ ಅನ್ನುವ ಊರಿಗೆ ಹೋಗುತ್ತಾರೆ. ಅಲ್ಲಿ ದೋಣಿಗಾಗಿಯೇ ಕಾಯುವ ಬಸ್ಸು ಹಿಡಿದು ಹನ್ಯಾಕ್ಕೆ ವಾಪಸ್. ದೋಣಿ ಸಾಮಾನ್ಯವಾಗಿ ಸಂಜೆ 5:30ರ ಸುಮಾರಿಗೆ ಹೊರಡುತ್ತದೆ. ಆದರೆ ಆ ವರ್ಷದ ವೇಳಾಪಟ್ಟಿ ನೋಡಿಯೇ ಹೋಗಿ. ಕಡಲು ಕೆರಳಿದ್ದರೆ ದೋಣಿ ಬಿಡುವುದಿಲ್ಲ, ಅದೂ ನೆನಪಿರಲಿ.

ಮೊದಲ ಸಲ ನನಗೆ ದೋಣಿ ತಪ್ಪಿತು. ಟೂರ್ ಮಾಡಿಸಿದವರು ‘ಐದು ಗಂಟೆಯಲ್ಲಿ ಆರಾಮಾಗಿ ಮುಗಿಯುತ್ತೆ’ ಅಂದಿದ್ದರು. ನಾನು ಏಳು ಗಂಟೆ ತೆಗೆದುಕೊಂಡೆ. ಹೊರಟಿದ್ದೇ ತಡ ಬೇರೆ. ಅಯಿಯಾ ರುಮೇಲಿಯಲ್ಲಿ ಒಂದು ಕೋಣೆ ಹಿಡಿದು ಉಳಿದೆ. ಪ್ರವಾಸಿಗಳೆಲ್ಲ ದೋಣಿ ಹತ್ತಿ ಹೋದ ಮೇಲೆ ಆ ಊರು ಪೂರ್ತಿ ಮೌನ. ಈಗ ಯಾರಾದರೂ ಕೇಳಿದರೆ ಬೇಕಂತಲೇ ಒಂದು ರಾತ್ರಿ ಅಲ್ಲಿ ಉಳಿಯಿರಿ ಅನ್ನುತ್ತೇನೆ.

ಅರ್ಧ ದಾರಿಯಲ್ಲಿ ಕಾಲು ಉಳುಕಿದರೆ?

ಕಾವಲಿನವರು ಹೇಸರಗತ್ತೆಯ ಮೇಲೆ ಕೂರಿಸಿ ಕೆಳಗೆ ತರುತ್ತಾರೆ. ತಮಾಷೆಯಲ್ಲ, ಅಲ್ಲಿಯ ಆಂಬುಲೆನ್ಸ್ ಅದೇ.

ಮಕ್ಕಳಿದ್ದಾರೆ, ಅಪ್ಪ ಅಮ್ಮನೂ ಬರುತ್ತಿದ್ದಾರೆ. ಸಮಾರಿಯಾ ಆಗುತ್ತಾ?

ಮಂಡಿನೋವು ಇರುವವರಿಗೆ ಬೇಡವೇ ಬೇಡ. ಅವರಿಗೆ ಇಂಬ್ರೋಸ್ ಕಮರಿ ಹೇಳಿ ಮಾಡಿಸಿದ ಹಾಗಿದೆ. ಸುಮಾರು 8 ಕಿ.ಮೀ., ಎರಡೂವರೆ ಮೂರು ಗಂಟೆ ಸಾಕು, ಇಳಿಜಾರೂ ಮೆಲ್ಲಗೆ. ಒಂದು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. 1941ರ ಮೇ ಕೊನೆಯಲ್ಲಿ ಜರ್ಮನ್ನರಿಗೆ ಸೋತ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಹಡಗು ಹಿಡಿಯಲು ಹೋರಾ ಸ್ಫಾಕ್ಯೋನ್ ಕಡೆಗೆ ಹಿಂದೆ ಸರಿದದ್ದು ಈ ಇಂಬ್ರೋಸ್ ಭಾಗದ ಮೂಲಕವೇ.

ಪೂರ್ವದ ತುದಿಯಲ್ಲಿ ಜಾಕ್ರೋಸ್ ಕಮರಿ ಇದೆ. ಅದನ್ನು ‘ಸತ್ತವರ ಕಮರಿ’ ಅಂತಲೂ ಕರೆಯುತ್ತಾರೆ. ಹೆದರಬೇಡಿ. ಮಿನೋವನ್ ಕಾಲದ, ಅಂದರೆ ಕ್ರೀಟಿನ ಪುರಾತನ ನಾಗರಿಕತೆಯ, ಜನ ತಮ್ಮವರನ್ನು ಅಲ್ಲಿಯ ಗುಹೆಗಳಲ್ಲಿ ಹೂಳುತ್ತಿದ್ದರು, ಅದಕ್ಕೆ ಆ ಹೆಸರು. ಕಮರಿ ಮುಗಿಯುವ ಕಡೆ ಅವರ ಅರಮನೆಯ ಅವಶೇಷ, ಅದರಾಚೆ ಸಮುದ್ರ, ದಂಡೆಯಲ್ಲಿ ನಾಲ್ಕೈದು ಹೋಟೆಲು. ಅರ್ಧ ದಿನಕ್ಕೆ ಇದಕ್ಕಿಂತ ಒಳ್ಳೆಯ ನಡಿಗೆ ನನಗಂತೂ ಗೊತ್ತಿಲ್ಲ. ಜಲಪಾತ ಬೇಕು ಅನ್ನುವವರು ಅದೇ ಪೂರ್ವ ಭಾಗದ ರಿಹ್ಟಿಸ್ ಕಮರಿಗೆ ಹೋಗಬಹುದು.

ನೀರು ಎಷ್ಟು ಹೊರಬೇಕು? ದಾರಿಯಲ್ಲಿ ಸಿಗುವುದಿಲ್ಲವಾ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆದರೆ ಇದನ್ನು ಕೇಳುವವರೇ ಕಡಿಮೆ.

ಕ್ರೀಟಿನ ಬೆಟ್ಟಗಳು ಹೆಚ್ಚಾಗಿ ಸುಣ್ಣಕಲ್ಲು. ನಮ್ಮಲ್ಲಿ ಯಾಣದ ಕಪ್ಪು ಬಂಡೆಗಳೂ ಸುಣ್ಣಕಲ್ಲೇ, ಆದರೆ ಅವು ಕಾಡಿನ ನಡುವೆ ಒಂದೆರಡು ಶಿಖರ ಅಷ್ಟೇ. ಅಲ್ಲಿ ಇಡೀ ಬೆಟ್ಟಸಾಲೇ ಹಾಗೆ. ಮಳೆ ನೀರು, ಹಿಮ ಕರಗಿದ ನೀರು ಮೇಲೆ ನಿಲ್ಲುವುದಿಲ್ಲ. ಬಿರುಕಿನಲ್ಲಿ ಇಳಿದು, ಕಲ್ಲನ್ನು ಕರಗಿಸಿ, ಒಳಗೊಳಗೇ ದಾರಿ ಮಾಡಿಕೊಂಡು ಹೋಗುತ್ತದೆ. ಬಿಳಿ ಬೆಟ್ಟಗಳಲ್ಲಿ ಗೂರ್ಗುಥಾಕಾಸ್ ಅನ್ನುವ ಒಂದು ಗುಹೆ 1,200 ಮೀಟರ್‌ಗೂ ಹೆಚ್ಚು ಆಳ ಇದೆ. ಬೆಟ್ಟದ ಮೇಲೆ ಅಷ್ಟು ಹಿಮ ಬಿದ್ದರೂ ಜುಲೈನಲ್ಲಿ ಅಲ್ಲಿ ಬೊಗಸೆ ನೀರು ಸಿಗುವುದಿಲ್ಲ. ಕುದುರೆಮುಖದಲ್ಲಿ ಶೋಲಾ, ಅಂದರೆ ಬೆಟ್ಟದ ಮಡಿಲಿನ ಕಾಡು, ಕಂಡರೆ ಅದರ ಬುಡದಲ್ಲಿ ಝರಿ ಇದ್ದೇ ಇರುತ್ತದೆ ಅನ್ನುವ ನಮ್ಮ ನಂಬಿಕೆ ಇದೆಯಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹಾಗಾದರೆ ಆ ನೀರೆಲ್ಲ ಎಲ್ಲಿ ಹೋಗುತ್ತದೆ? ಉತ್ತರ ಕೆಳಗೆ ಸಮುದ್ರದ ಹತ್ತಿರ ಸಿಗುತ್ತದೆ. ಹೋರಾ ಸ್ಫಾಕ್ಯೋನ್‌ನಿಂದ ಲೂತ್ರೊ ಅನ್ನುವ ಹಳ್ಳಿಗೆ ಕಡಲಂಚಿನಲ್ಲೇ ಒಂದು ಕಾಲುದಾರಿ ಇದೆ. ನಡುವೆ ಗ್ಲಿಕಾ ನೆರಾ ಅನ್ನುವ ದಂಡೆ. ಹೆಸರಿನ ಅರ್ಥವೇ ಸಿಹಿ ನೀರು. ಅಲೆ ಬಡಿಯುವ ಜಾಗಕ್ಕೆ ನಾಲ್ಕು ಹೆಜ್ಜೆ ಈಚೆ ಬೆಣಚುಕಲ್ಲು ಸರಿಸಿ ಗುಂಡಿ ತೋಡಿದರೆ ತಣ್ಣನೆ ಸಿಹಿ ನೀರು ಬರುತ್ತದೆ. ಮೇಲಿನ ಬೆಟ್ಟ ನುಂಗಿದ ನೀರು ಅದು. ಅಲ್ಲಿ ಈಜುವಾಗ ಮೈಗೆ ಒಮ್ಮೆ ಬೆಚ್ಚಗೆ, ಒಮ್ಮೆ ಕೊರೆಯುವ ತಣ್ಣಗೆ ತಾಗುತ್ತದೆ. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು ಆ ತಣ್ಣನೆ.

ಲೆಕ್ಕಕ್ಕೆ ಬರೋಣ. ಸಮಾರಿಯಾದಲ್ಲಿ ಕುಡಿಯುವ ನೀರಿನ ಊಟೆಗಳು ದಾರಿಯುದ್ದಕ್ಕೂ ಇವೆ, ಒಂದು ಲೀಟರ್ ಬಾಟಲಿ ತುಂಬಿಸಿಕೊಳ್ಳುತ್ತ ಹೋಗಬಹುದು. ಅದೊಂದು ಅಪವಾದ. ಬೇರೆ ಯಾವ ಬೆಟ್ಟಕ್ಕೆ ಹೋದರೂ ಒಬ್ಬರಿಗೆ 3 ಲೀಟರ್ ಹೊತ್ತುಕೊಳ್ಳಿ. ಬಿಸಿಲಿದ್ದರೆ 4. ಮ್ಯಾಪಿನಲ್ಲಿ ತೊಟ್ಟಿ ಅಂತ ಗುರುತು ಇದ್ದರೂ ನಂಬಬೇಡಿ. ಕುರಿ ಕುಡಿಯುವ ತೊಟ್ಟಿ ಇರಬಹುದು, ಒಣಗಿರಲೂಬಹುದು. ಉಪ್ಪು ಸಕ್ಕರೆ ಬೆರೆಸಿದ ಓಆರ್‌ಎಸ್ ಪುಡಿ ನಮ್ಮ ಊರಿನಿಂದಲೇ ಒಯ್ಯಿರಿ.

ಅತಿ ಎತ್ತರದ ಶಿಖರ ಯಾವುದು? ಹತ್ತಬಹುದಾ?

ದ್ವೀಪದ ನಡುವೆ ಇರುವ ಪ್ಸಿಲೊರೀಟಿಸ್, 2,456 ಮೀಟರ್. ಹಳೆಯ ಹೆಸರು ಈಡಾ. ಎರಡನೆಯದು ಬಿಳಿ ಬೆಟ್ಟಗಳ ಪಾಹ್ನೆಸ್, 2,453 ಮೀಟರ್. ವ್ಯತ್ಯಾಸ ಬರೀ 3 ಮೀಟರ್! ಪಶ್ಚಿಮದವರು ಪಾಹ್ನೆಸ್ ತುದಿಯಲ್ಲಿ ಕಲ್ಲು ಪೇರಿಸುತ್ತಿರುವುದು ಆ ಮೂರು ಮೀಟರ್ ತುಂಬಿಸಲಿಕ್ಕೇ ಅಂತ ಒಂದು ತಮಾಷೆ ಇದೆ.

ಪ್ಸಿಲೊರೀಟಿಸ್‌ಗೆ ಹಗ್ಗ ಗಿಗ್ಗ ಏನೂ ಬೇಡ. ಅನೋಯಾ ಅನ್ನುವ ಊರಿನಿಂದ ನೀಡಾ ಬಯಲಿಗೆ ಟಾರು ರಸ್ತೆ ಇದೆ. ಆ ಬಯಲೇ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹತ್ತಿ ಇಳಿಯಲು ಒಂದು ಇಡೀ ದಿನ ಇಟ್ಟುಕೊಳ್ಳಿ. ತುದಿಯಲ್ಲಿ ತಿಮಿಯೊಸ್ ಸ್ತಾವ್ರೊಸ್ ಅನ್ನುವ ಪುಟ್ಟ ಚರ್ಚು, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ಕುರುಬರು ಬೇಸಿಗೆಯಲ್ಲಿ ಇದ್ದು ಗಿಣ್ಣ... ಅಲ್ಲ, ಚೀಸ್ ಮಾಡುವ ‘ಮಿತಾತೊ’ ಅನ್ನುವ ಗುಮ್ಮಟದ ಕಲ್ಲುಗುಡಿಸಲುಗಳೂ ಇದೇ ರೀತಿಯವು. ಸೆಪ್ಟೆಂಬರ್ 14ಕ್ಕೆ ಶಿಲುಬೆಯ ಹಬ್ಬ. ಆಗ ಊರವರೇ ಹತ್ತಿ ಬರುತ್ತಾರೆ.

ನೀಡಾ ಬಯಲಿನ ಮೇಲೆಯೇ ಈಡಾ ಗುಹೆ. ಗ್ರೀಕರ ಜೀಯಸ್ ದೇವರು ಬೆಳೆದದ್ದು ಇಲ್ಲಿ ಅಂತ ಒಂದು ಕಥೆ. ಅಲ್ಲ, ಅವನ ಗುಹೆ ಪೂರ್ವದ ಲಸೀಥಿ ಬಯಲಿನ ದಿಕ್ತಿ ಗುಹೆ ಅಂತ ಇನ್ನೊಂದು. ಹನುಮ ಹುಟ್ಟಿದ್ದು ಅಂಜನಾದ್ರಿಯಲ್ಲೋ, ತಿರುಮಲದಲ್ಲೋ, ಗೋಕರ್ಣದಲ್ಲೋ ಅಂತ ಜಗಳ ನೋಡಿದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಇನ್ನೊಂದು ಕಥೆ ಹೇಳದಿದ್ದರೆ ಆಗದು. 1944ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳೂ ಕ್ರೀಟಿನ ಹೋರಾಟಗಾರರೂ ಸೇರಿ ಜರ್ಮನ್ ಜನರಲ್ ಹೈನ್ರಿಶ್ ಕ್ರೈಪೆಯನ್ನು ಅವನ ಕಾರಿನಲ್ಲೇ ಅಪಹರಿಸಿದರು. ಸಾವಿರಾರು ಸೈನಿಕರು ಹುಡುಕುತ್ತಿದ್ದಾಗ ಅವನನ್ನು ಇದೇ ಬೆಟ್ಟ ದಾಟಿಸಿ, ದಕ್ಷಿಣ ದಂಡೆಯಿಂದ ಈಜಿಪ್ಟ್‌ಗೆ ಸಾಗಿಸಿದರು. ಸಡಿಲ ಕಲ್ಲಿನ ಮೇಲೆ ಕಾಲು ಜಾರಿದಾಗಲೆಲ್ಲ ಆ ಜನರಲ್‌ನ ಬೂಟು ನನಗೆ ನೆನಪಾಗುತ್ತಿತ್ತು.

ಇ4 ದಾರಿ ಪೂರ್ತಿ ನಡೆಯಬಹುದಾ?

ಯುರೋಪಿನ ದೂರದ ನಡಿಗೆ ದಾರಿಗಳಲ್ಲಿ ಇ4 ಒಂದು. ಅದು ಕ್ರೀಟನ್ನು ಪಶ್ಚಿಮದ ಕಿಸ್ಸಾಮೊಸ್‌ನಿಂದ ಪೂರ್ವದ ಕಾಟೊ ಜಾಕ್ರೋಸ್‌ವರೆಗೆ ದಾಟುತ್ತದೆ. ಸುಮಾರು 500 ಕಿ.ಮೀ., ಮೂರರಿಂದ ನಾಲ್ಕು ವಾರ ಬೇಕು. ಹಳದಿ ಕಪ್ಪು ಗುರುತು ಹುಡುಕುತ್ತ ಹೋಗಬೇಕು. ಕೆಲವು ಕಡೆ ಹತ್ತು ಹೆಜ್ಜೆಗೊಂದು ಗುರುತು, ಕೆಲವು ಕಡೆ ಗಂಟೆಗಟ್ಟಲೆ ಏನೂ ಇಲ್ಲ. ಕಂಬಗಳಿಗೆ ಬಂದೂಕಿನ ಗುಂಡು ತೂತು ಮಾಡಿರುವುದೂ ಕಾಣುತ್ತದೆ. ನಿಮ್ಮ ಮೇಲೆ ಸಿಟ್ಟಲ್ಲ, ಬೋರ್ಡಿಗೆ ಗುರಿ ಇಟ್ಟು ಹೊಡೆಯುವುದು ಅಲ್ಲಿಯ ಬೆಟ್ಟದ ಊರುಗಳ ಹಳೇ ಚಟ.

ಮೊದಲ ಸಲ ಹೋಗುವವರು ಪೂರ್ತಿ ದಾರಿಯ ಆಸೆ ಬಿಡಿ. ದಕ್ಷಿಣ ದಂಡೆಯಲ್ಲಿ ಸೂಯಾ, ಅಯಿಯಾ ರುಮೇಲಿ, ಲೂತ್ರೊ, ಹೋರಾ ಸ್ಫಾಕ್ಯೋನ್ ಭಾಗ ಮಾಡಿ. ಅದರಲ್ಲೂ ಅಯಿಯಾ ರುಮೇಲಿಯಿಂದ ಲೂತ್ರೊವರೆಗಿನ ದಿನ ಅದ್ಭುತ. ಲೂತ್ರೊಗೂ ರಸ್ತೆ ಇಲ್ಲ. ದೋಣಿ, ಇಲ್ಲವೇ ಕಾಲು.

ಗೈಡ್ ಬೇಕಾ?

ಸಮಾರಿಯಾ, ಇಂಬ್ರೋಸ್, ಜಾಕ್ರೋಸ್‌ಗೆ ಬೇಡ. ಬಿಳಿ ಬೆಟ್ಟಗಳ ಒಳಗಿನ ಎತ್ತರದ ಭಾಗಕ್ಕೆ ಬೇಕು. ಅಲ್ಲಿ 2,000 ಮೀಟರ್ ದಾಟಿದ ಶಿಖರಗಳು 30ಕ್ಕೂ ಹೆಚ್ಚು. ನೋಡಲು ಒಂದೇ ತರಹ, ಚಂದ್ರನ ಮೇಲೆ ನಡೆದ ಹಾಗೆ. ಮಂಜು ಕವಿದರೆ ದಾರಿ ತಪ್ಪುವುದು ಖಚಿತ. ಫೋನಿನ ಮ್ಯಾಪ್ ಸಾಲದು, ಕಮರಿಯಲ್ಲಿ ಸಿಗ್ನಲ್ ಇರುವುದಿಲ್ಲ. ಅನಾವಸಿ ಅನ್ನುವ ಗ್ರೀಕ್ ಪ್ರಕಾಶನದ ಕಾಗದದ ಮ್ಯಾಪುಗಳು ಚೆನ್ನಾಗಿವೆ. ಬೆವರಿಗೆ ಹರಿಯುವುದಿಲ್ಲ ಅನ್ನುವುದೂ ಒಂದು ಗುಣ.

ಟೆಂಟ್ ಹಾಕಬಹುದಾ?

ಗ್ರೀಸ್‌ನಲ್ಲಿ ಸಿಕ್ಕ ಸಿಕ್ಕಲ್ಲಿ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ. ಬೇಸಿಗೆಯಲ್ಲಿ ಬೆಂಕಿ ಹಚ್ಚುವುದಂತೂ ದೊಡ್ಡ ಅಪರಾಧ. ಒಂದು ಕಿಡಿ ಸಾಕು, ಇಡೀ ಗುಡ್ಡ ಹೋಗುತ್ತದೆ. ಬೆಟ್ಟದ ಮೇಲೆ ಉಳಿಯಬೇಕು ಅಂದರೆ ಪರ್ವತಾರೋಹಿ ಸಂಘಗಳ ತಂಗುಮನೆಗಳಿವೆ. ಓಮಾಲೊಸ್ ಮೇಲಿನ ಕಲ್ಲೆರ್ಗಿ ತಂಗುಮನೆ 1,680 ಮೀಟರ್ ಎತ್ತರದಲ್ಲಿದೆ. ಮೊದಲೇ ಹೇಳಿಟ್ಟು ಹೋಗಿ.

ಹಾವು, ಜಿಗಣೆ, ಕಾಡುಪ್ರಾಣಿ?

ಮೊದಲು ಸಿಹಿ ಸುದ್ದಿ. ದಾರಿಯಲ್ಲಿ ಜಿಗಣೆ ಇಲ್ಲ! ಮಳೆಗಾಲದ ಚಾರಣದಲ್ಲಿ ಸಾಕ್ಸ್ ಬಿಚ್ಚಿ ಬಿಚ್ಚಿ ಸುಸ್ತಾದವರಿಗೆ ಇದೊಂದೇ ಕಾರಣ ಸಾಕು ಅಲ್ಲಿಗೆ ಹೋಗಲು. ಮನುಷ್ಯರಿಗೆ ಅಪಾಯ ಮಾಡುವಂಥ ಹಾವೂ ಕ್ರೀಟಿನಲ್ಲಿಲ್ಲ. ಚೇಳು ಇದೆ, ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ಕಾಣಬೇಕಾದದ್ದು ಕ್ರಿ-ಕ್ರಿ. ಬಿಲ್ಲಿನ ಹಾಗೆ ಬಾಗಿದ ಕೊಂಬಿನ ಕಾಡುಮೇಕೆ. ಸಮಾರಿಯಾ ಹಳ್ಳಿಯ ಹತ್ತಿರ ಬಿಸ್ಕತ್ತಿನ ಆಸೆಗೆ ಬರುತ್ತದೆ, ಕೊಡಬೇಡಿ. ತಲೆ ಎತ್ತಿದರೆ ದೊಡ್ಡ ರಣಹದ್ದುಗಳು ಸುತ್ತುತ್ತಿರುತ್ತವೆ. ಎಚ್ಚರ ಇರಬೇಕಾದದ್ದು ಕುರಿ ಕಾಯುವ ನಾಯಿಗಳ ಬಗ್ಗೆ. ಹೆಚ್ಚಿನವು ಕಟ್ಟಿಹಾಕಿರುತ್ತವೆ. ಬಿಟ್ಟಿದ್ದರೆ ಓಡಬೇಡಿ, ಮಂದೆಯನ್ನು ಸುತ್ತುಹಾಕಿ ನಿಧಾನಕ್ಕೆ ಹೋಗಿ. ದಾರಿಗೆ ಅಡ್ಡ ತಂತಿಯ ಗೇಟು ಸಿಕ್ಕರೆ ತೆಗೆದು, ದಾಟಿ, ಮತ್ತೆ ಕಟ್ಟಿ.

ಬಟ್ಟೆ, ಶೂ ಹೇಗಿರಬೇಕು?

ಗಟ್ಟಿ ತಳದ ಶೂ. ನಮ್ಮಲ್ಲಿ ಕೆಸರಿಗೆ ಹಾಕುವ ತೆಳು ರಬ್ಬರ್ ಶೂ ಅಲ್ಲಿ ಎರಡೇ ದಿನಕ್ಕೆ ಹರಿಯುತ್ತದೆ. ಇಳಿಜಾರಿಗೆ ಎರಡು ಕೋಲು, ಅಗಲ ಅಂಚಿನ ಟೋಪಿ, ಉದ್ದ ತೋಳಿನ ತೆಳು ಅಂಗಿ. ಮೇಲೆ ಗಾಳಿ ಜೋರು, ಒಂದು ಜಾಕೆಟ್ ಇರಲಿ. ಮತ್ತೆ ಒಂದು ಮಾತು, ಕಾಲುಗುರು ಕತ್ತರಿಸಿಕೊಂಡು ಹೋಗಿ. 16 ಕಿ.ಮೀ. ಇಳಿಜಾರಿನಲ್ಲಿ ಉಗುರು ಶೂವಿಗೆ ಒತ್ತಿ ಕಪ್ಪಾದ ಮೇಲೆ ನನಗೆ ಗೊತ್ತಾಯಿತು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಧಾರಾಳವಾಗಿ. ‘ನಿಸ್ತೀಸಿಮೊ’ ಅನ್ನುವ ಒಂದು ಮಾತು ಕಲಿತುಕೊಳ್ಳಿ. ಉಪವಾಸದ ಊಟ ಅಂತ ಅರ್ಥ. ಅವರ ಚರ್ಚಿನ ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪು ನಡೆಯುತ್ತದೆ, ಹಾಗಾಗಿ ಒಂದು ಸಲ ಕೇಳಿಯೇ ತಿನ್ನಿ.

‘ಹೋರ್ತಾ’ ಅಂದರೆ ಬೆಟ್ಟದಲ್ಲಿ ಕಿತ್ತ ಸೊಪ್ಪು ಬೇಯಿಸಿ, ಆಲಿವ್ ಎಣ್ಣೆ ನಿಂಬೆರಸ ಹಾಕಿದ್ದು. ಬೆರಕೆ ಸೊಪ್ಪು ತಿಂದು ಬೆಳೆದವರಿಗೆ ಮನೆಯ ನೆನಪು ಬರುತ್ತದೆ. ‘ದಾಕೊಸ್’ ಅಂದರೆ ಬಾರ್ಲಿಯ ಗಟ್ಟಿ ಒಣರೊಟ್ಟಿಯ ಮೇಲೆ ಟೊಮೆಟೊ, ಚೀಸ್, ಎಣ್ಣೆ. ಆ ಒಣರೊಟ್ಟಿಗೆ ‘ಪಾಕ್ಸಿಮಾದಿ’ ಅನ್ನುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ, ಕುರುಬರ ಬುತ್ತಿ ಅದು. ನಮ್ಮ ಉತ್ತರ ಕರ್ನಾಟಕದ ಕಡಕ್ ರೊಟ್ಟಿಯ ಅಣ್ಣ ಅನ್ನಬಹುದು. ಚಾರಣಕ್ಕೆ ಅದು, ಒಂದು ತುಂಡು ಗ್ರಾವಿಯೆರಾ ಚೀಸ್, ನಾಲ್ಕು ಟೊಮೆಟೊ ಇದ್ದರೆ ಮಧ್ಯಾಹ್ನ ಮುಗಿಯಿತು. ಹೋರಾ ಸ್ಫಾಕ್ಯೋನ್ ಇರುವ ಸ್ಫಾಕ್ಯಾ ಕಡೆ ಹೋದರೆ ಚೀಸ್ ತುಂಬಿ ಜೇನು ಸುರಿದ ಹೋಳಿಗೆ ತರಹದ ‘ಪೀಟಾ’ ಬಿಡಬೇಡಿ. ಊಟ ಆದ ಮೇಲೆ ಕೇಳದೆಯೇ ಪುಟ್ಟ ಗ್ಲಾಸಿನಲ್ಲಿ ರಾಕಿ ತಂದಿಡುತ್ತಾರೆ. ದ್ರಾಕ್ಷಿ ಸಿಪ್ಪೆಯಿಂದ ಇಳಿಸಿದ ಸಾರಾಯಿ, ದುಡ್ಡಿಲ್ಲ. ಕುಡಿಯದವರು ಕೈಯನ್ನು ಎದೆಯ ಮೇಲಿಟ್ಟು ‘ಎಫ್ಹರಿಸ್ತೊ’ (ಧನ್ಯವಾದ) ಅಂತ ಹೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ.

ಭಾಷೆಯ ತೊಂದರೆ ಆಗುತ್ತಾ?

ಇಂಗ್ಲಿಷ್ ನಡೆಯುತ್ತದೆ. ಒಂದೇ ಎಚ್ಚರಿಕೆ, ‘ನೇ’ ಅಂದರೆ ಅವರಲ್ಲಿ ಹೌದು. ಇಲ್ಲ ಅನ್ನಲು ‘ಓಹಿ’. ಕೆಲವು ಸಲ ಬಾಯಿ ಬಿಡುವುದೂ ಇಲ್ಲ, ತಲೆ ಸ್ವಲ್ಪ ಮೇಲೆತ್ತಿ ‘ಚ್’ ಅನ್ನುತ್ತಾರೆ. ಅದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಮ್ಮ ಹಳ್ಳಿಗಳಲ್ಲೂ ಇಲ್ಲ ಅನ್ನುವುದು ಹಾಗೇ.

ವೀಸಾ, ಪ್ರಯಾಣ?

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕು. 30,000 ಯುರೋ ರಕ್ಷಣೆ ಇರುವ ಪ್ರಯಾಣ ವಿಮೆ ಕಡ್ಡಾಯ. ವಿಮೆ ತೆಗೆದುಕೊಳ್ಳುವಾಗ ಚಾರಣಕ್ಕೂ ಅನ್ವಯಿಸುತ್ತದಾ ಅಂತ ಬರಹದಲ್ಲಿ ಕೇಳಿ. ಅಥೆನ್ಸ್‌ಗೆ ಹೋಗಿ, ಅಲ್ಲಿಂದ ಹನ್ಯಾ ಅಥವಾ ಇರಾಕ್ಲಿಯೊಗೆ ಒಂದು ಗಂಟೆಯೊಳಗಿನ ವಿಮಾನ. ನಾನಾದರೆ ಪಿರೆಯಸ್ ಬಂದರಿನಿಂದ ರಾತ್ರಿ ಹಡಗು ಹತ್ತುತ್ತೇನೆ. ಮಲಗಿ ಏಳುವಷ್ಟರಲ್ಲಿ ಮುಂದೆ ಬೆಟ್ಟಗಳು.

ದ್ವೀಪದೊಳಗೆ ಓಡಾಟ ಹೇಗೆ?

ರೈಲು ಇಲ್ಲ. ಕೆಟೆಲ್ ಬಸ್ಸುಗಳು ಊರಿಂದೂರಿಗೆ ಚೆನ್ನಾಗಿವೆ. ಆದರೆ ಬೆಟ್ಟದ ಹಳ್ಳಿಗಳಿಗೆ ದಿನಕ್ಕೆ ಒಂದೆರಡು ಬಸ್ಸು, ಭಾನುವಾರ ಅದೂ ಅನುಮಾನ. ಕಾರು ಬಾಡಿಗೆಗೆ ಇಲ್ಲಿಯ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ತಿರುವಿನಲ್ಲಿ ಮೇಕೆಗಳು ನಿಂತಿರುತ್ತವೆ, ಹಾರನ್ನಿಗೆ ಜಗ್ಗುವುದಿಲ್ಲ.

ನಡಿಗೆ ಬಿಟ್ಟು ಬೇರೆ ಏನಿದೆ?

ಬಹಳ ಇದೆ. ಅರಾಡೆನಾ ಕಮರಿಯ ಮೇಲೆ 138 ಮೀಟರ್ ಎತ್ತರದ ಉಕ್ಕಿನ ಸೇತುವೆಯಿಂದ ಹಗ್ಗ ಕಟ್ಟಿಕೊಂಡು ಹಾರುತ್ತಾರೆ. ನಾನು ನೋಡಿದೆ ಅಷ್ಟೇ, ಹಾರಲಿಲ್ಲ. ದಕ್ಷಿಣದ ಅಯಿಯೊಫಾರಾಂಗೊದಲ್ಲಿ ಬಂಡೆ ಹತ್ತಬಹುದು. ಲೂತ್ರೊದಲ್ಲಿ ಕಯಾಕ್ ಸಿಗುತ್ತದೆ. ಚಳಿಗಾಲದಲ್ಲಿ ಪ್ಸಿಲೊರೀಟಿಸ್ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡು ಹತ್ತಿ ಇಳಿಯುವವರೂ ಇದ್ದಾರೆ, ಕೆಳಗೆ ಸಮುದ್ರ ನೋಡುತ್ತ. ದಣಿದ ದಿನಕ್ಕೆ ಕುರ್ನಾಸ್ ಕೆರೆ ಇದೆ, ಪ್ರೆವೆಲಿ ದಂಡೆಯ ತಾಳೆತೋಪು ಇದೆ.

ಅಪಾಯ ಆದರೆ ಯಾರಿಗೆ ಫೋನ್ ಮಾಡಬೇಕು?

112. ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಎಲ್ಲಿದ್ದೀರಿ ಅನ್ನುವುದು ಹೇಳಲು ಗೊತ್ತಿರಬೇಕು, ಹಾಗಾಗಿ ದಾಟಿದ ಊರು, ಕಮರಿಯ ಹೆಸರು ನೆನಪಿಟ್ಟುಕೊಳ್ಳಿ. ಒಬ್ಬರೇ ಹೋಗುವುದಾದರೆ ನೀವು ಉಳಿದುಕೊಂಡ ಜಾಗದವರಿಗೆ ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಹೇಳಿ ಹೊರಡಿ. ಬಿಸಿಲಿನ ಎಚ್ಚರಿಕೆ ಬಂದ ದಿನ ಹೋಗಲೇಬೇಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ.

ವಾಪಸ್ ಬರುವಾಗ ಏನು ತರಬಹುದು?

ಥೈಮ್ ಹೂವಿನ ಜೇನು. ಒಣಗಿಸಿದ ‘ಮಲೋತೀರಾ’, ಅವರ ಬೆಟ್ಟದ ಚಹಾ. ದಿಕ್ಟಾಮೊ ಅನ್ನುವ ಬೂದು ಎಲೆಯ ಮೂಲಿಕೆಯೂ ಅಂಗಡಿಯಲ್ಲಿ ಸಿಗುತ್ತದೆ. ಕ್ರೀಟ್ ಬಿಟ್ಟು ಬೇರೆಲ್ಲೂ ಅದು ಕಾಡಿನಲ್ಲಿ ಬೆಳೆಯುವುದಿಲ್ಲ. ಹಿಂದೆ ಹುಡುಗರು ಪ್ರೀತಿಸಿದವಳಿಗೆ ಕೊಡಲು ಕಡಿದಾದ ಬಂಡೆಗಳಿಂದ ಕಿತ್ತು ತರುತ್ತಿದ್ದರಂತೆ, ಕೆಲವರು ಬಿದ್ದು ಸತ್ತದ್ದೂ ಉಂಟಂತೆ. ನೀವು ಕಾಡಿನಿಂದ ಕೀಳಬೇಡಿ, ಸಾಕಿ ಬೆಳೆಸಿದ್ದನ್ನೇ ಕೊಳ್ಳಿ. ಜೇನಿನ ಬಾಟಲಿಯನ್ನು ಕೈಚೀಲದಲ್ಲಿ ಇಡಬೇಡಿ, ವಿಮಾನ ನಿಲ್ದಾಣದಲ್ಲಿ ಅದನ್ನು ದ್ರವ ಅಂತ ಲೆಕ್ಕ ಹಾಕಿ ಕಿತ್ತುಕೊಳ್ಳುತ್ತಾರೆ. ನನ್ನದು ಒಂದು ಕಿಲೋ ಹೋಯಿತು.